ಪೆನಿಸಿಲಿನ್ ಆಗದವರ ರಕ್ತದಲ್ಲಿ ಏನಿತ್ತು?

ಆನವಟ್ಟಿಯಲ್ಲಾಗಲಿ ಶಿರಾಳಕೊಪ್ಪದಲ್ಲಾಗಲಿ, ಡಾಕ್ಟರು ಚೀಟಿ ಬರೆಯುವ ಮೊದಲು ಪೆನ್ನು ಎತ್ತಿಹಿಡಿದು ಒಂದು ಪ್ರಶ್ನೆ ಕೇಳುತ್ತಾರೆ: ‘ಯಾವುದಾದ್ರೂ ಔಷಧಿ ಆಗಲ್ವಾ?’

‘ನಂಗೆ ಪೆನ್ಸಿಲಿನ್ ಆಗಲ್ಲ ಡಾಕ್ಟ್ರೇ.’

‘ಯಾವಾಗ ಗೊತ್ತಾಯ್ತು ಅಜ್ಜಿ?’

‘ಸಣ್ಣೋಳಿದ್ದಾಗ ಸೂಜಿ ಹಾಕ್ಸಿದ್ರಂತೆ. ಮೈಯೆಲ್ಲಾ ಗಂಧೆ ಎದ್ದಿತ್ತಂತೆ. ನಮ್ಮವ್ವ ಹೇಳ್ತಿದ್ಲು.’

ಅಲ್ಲಿಗೆ ವಿಚಾರಣೆ ಮುಗಿಯಿತು. ಅಜ್ಜಿಗೇ ನೆನಪಿಲ್ಲದ, ಅವರವ್ವ ಹೇಳಿದ ಒಂದು ಮಾತು ಚೀಟಿಯ ಮೂಲೆಯಲ್ಲಿ ಕೆಂಪು ಶಾಯಿಯಲ್ಲಿ ಕೂತುಬಿಡುತ್ತದೆ. ಆ ಗಂಧೆ ಸೂಜಿಯಿಂದಲೇ ಬಂತೋ, ಆಗ ಇದ್ದ ಜ್ವರದಿಂದಲೇ ಬಂತೋ, ಆ ಸೂಜಿಯಲ್ಲಿದ್ದದ್ದು ಪೆನಿಸಿಲಿನ್ ಹೌದೋ ಅಲ್ಲವೋ, ಯಾರೂ ಕೇಳುವುದಿಲ್ಲ. ಕೇಳಿದರೂ ಹೇಳುವವರಿಲ್ಲ.

ಆಗಲ್ಲ ಎಂದು ಹೇಳದವರಿಗೆ ಟೆಸ್ಟ್ ಡೋಸ್ ಕಾದಿರುತ್ತದೆ. ಸಿಸ್ಟರು ಮುಂಗೈಯ ಒಳಮೈಯಲ್ಲಿ ಸಣ್ಣ ಸೂಜಿಯಿಂದ ಒಂದು ಹನಿ ಔಷಧಿಯನ್ನು ಚರ್ಮದಡಿ ಬಿಟ್ಟು, ಎದ್ದ ಗುಳ್ಳೆಯ ಸುತ್ತ ಬಾಲ್‌ಪೆನ್ನಿನಲ್ಲಿ ಗುಂಡಗೆ ಗೀಟು ಎಳೆದು, ‘ಅಲ್ಲೇ ಬೆಂಚಿನ ಮೇಲೆ ಕೂತ್ಕಳಿ, ಕೆರ್ಕೋಬೇಡಿ’ ಎನ್ನುತ್ತಾರೆ. ಗೀಟು ದಾಟಿ ಕೆಂಪಗೆ ಊದಿಕೊಂಡರೆ ಆಗಲ್ಲ. ಇಲ್ಲದಿದ್ದರೆ ಆಗುತ್ತದೆ. ರೋಗಿಗಳು ಮತ್ತೆ ಮತ್ತೆ ಕೇಳುವ ಪ್ರಶ್ನೆ ಹುಟ್ಟುವುದೂ ಈ ಬೆಂಚಿನ ಮೇಲೆಯೇ. ಸಕ್ಕರೆ, ಟೈಫಾಯ್ಡು, ಡೆಂಗಿ ಎಲ್ಲವನ್ನೂ ಒಂದು ಟ್ಯೂಬು ರಕ್ತದಲ್ಲಿ ಕಂಡುಹಿಡಿಯುತ್ತಾರಲ್ಲ, ಈ ಅಲರ್ಜಿಯನ್ನೂ ರಕ್ತದಲ್ಲೇ ನೋಡಲು ಬರುವುದಿಲ್ಲವೇ?

ಬರುತ್ತದೆ. ಆದರೆ ಆ ಪರೀಕ್ಷೆ ಕೈಗೆ ಸಿಗಲು ಸರಿಯಾಗಿ ಐವತ್ತು ವರ್ಷ ಹಿಡಿಯಿತು. ಸಿಕ್ಕ ಮೇಲೂ ಅದು ಅರ್ಧ ಮಾತನ್ನಷ್ಟೇ ಹೇಳುತ್ತದೆ.

ಕತೆ ಶುರುವಾಗುವುದು 1921ರಲ್ಲಿ, ಆಗ ಜರ್ಮನಿಯಲ್ಲಿದ್ದ ಬ್ರೆಸ್ಲಾವ್ ನಗರದಲ್ಲಿ. ಈಗ ಅದು ಪೋಲೆಂಡಿಗೆ ಸೇರಿದೆ. ಅಲ್ಲಿ ಕಾರ್ಲ್ ಪ್ರೌಸ್ನಿಟ್ಸ್ ಮತ್ತು ಹೈಂಜ್ ಕ್ಯುಸ್ಟ್ನರ್ ಎಂಬ ಇಬ್ಬರು ವೈದ್ಯರಿದ್ದರು. ಕ್ಯುಸ್ಟ್ನರನಿಗೆ ಬೇಯಿಸಿದ ಮೀನು ಆಗುತ್ತಿರಲಿಲ್ಲ, ಪ್ರೌಸ್ನಿಟ್ಸನಿಗೆ ಹುಲ್ಲಿನ ಪರಾಗ ಆಗುತ್ತಿರಲಿಲ್ಲ. ಕ್ಯುಸ್ಟ್ನರನ ರಕ್ತದ ಸೀರಮ್ಮನ್ನು ಒಂದಿಷ್ಟು ತೆಗೆದು ಪ್ರೌಸ್ನಿಟ್ಸನ ಹೊಟ್ಟೆಯ ಚರ್ಮಕ್ಕೆ ಚುಚ್ಚಿದರು. ಮರುದಿನ ಅದೇ ಜಾಗಕ್ಕೆ ಮೀನಿನ ಸಾರವನ್ನು ಚುಚ್ಚಿದಾಗ, ಮೀನು ತಿಂದು ಏನೂ ಆಗದಿದ್ದ ಪ್ರೌಸ್ನಿಟ್ಸನ ಚರ್ಮದಲ್ಲಿ ದದ್ದು ಎದ್ದಿತು. ಅಲರ್ಜಿ ಅಷ್ಟು ಜಾಗದ ಮಟ್ಟಿಗೆ ಒಬ್ಬನಿಂದ ಇನ್ನೊಬ್ಬನಿಗೆ ದಾಟಿತ್ತು. ಪ್ರೌಸ್ನಿಟ್ಸನ ಸೀರಮ್ಮನ್ನು ಕ್ಯುಸ್ಟ್ನರನಿಗೆ ಚುಚ್ಚಿ ಪರಾಗದ ಅಲರ್ಜಿಯನ್ನು ದಾಟಿಸಲು ಹೋದದ್ದು ಮಾತ್ರ ಫಲಿಸಲಿಲ್ಲ. ಪ್ರಯೋಗ ಒಂದೇ ಕಡೆಗೆ ಗೆದ್ದರೂ ಸಾಕಾಯಿತು: ಅಲರ್ಜಿಯ ಮೂಲ ರಕ್ತದಲ್ಲಿದೆ. ಏನದು ಎಂದು ಗೊತ್ತಿಲ್ಲದ ಕಾರಣ ಅದನ್ನು ‘ರೀಆಜಿನ್’ ಎಂದು ಕರೆದರು.

ಪ್ರೌಸ್ನಿಟ್ಸ್ 1933ರಲ್ಲಿ ಹಿಟ್ಲರನ ಜರ್ಮನಿ ಬಿಟ್ಟು ಇಂಗ್ಲೆಂಡಿಗೆ ಹೋಗಿ, ಕಡೆಗೆ ಐಲ್ ಆಫ್ ವೈಟ್ ದ್ವೀಪದಲ್ಲಿ ಸಾಮಾನ್ಯ ಊರ ಡಾಕ್ಟರನಾಗಿ ಉಳಿದ. ಅವನ ಪ್ರಯೋಗ ಮಾತ್ರ ದಶಕಗಳ ಕಾಲ ಅಲರ್ಜಿ ಪರೀಕ್ಷೆಯೇ ಆಗಿ ನಡೆಯಿತು. ರೋಗಿಯ ಸೀರಮ್ಮನ್ನು ಒಬ್ಬ ಆರೋಗ್ಯವಂತನ ಚರ್ಮಕ್ಕೆ ಚುಚ್ಚಿ ನೋಡುವುದು! ಒಬ್ಬರ ರಕ್ತದ ಜೊತೆ ಕಾಮಾಲೆಯೂ ಇನ್ನೊಬ್ಬರಿಗೆ ದಾಟುತ್ತದೆ ಎಂದು ಮನದಟ್ಟಾದ ಮೇಲೆ ಅದನ್ನು ಕೈಬಿಟ್ಟರು.

ಅಷ್ಟರಲ್ಲಿ ಪೆನಿಸಿಲಿನ್ ಬಂತು. 1941ರಲ್ಲಿ ಆಕ್ಸ್‌ಫರ್ಡಿನಲ್ಲಿ ಮೊದಲ ರೋಗಿಗೆ ಕೊಟ್ಟ ಔಷಧಿ ಯುದ್ಧ ಮುಗಿಯುವುದರೊಳಗೆ ಜಗತ್ತನ್ನೆಲ್ಲ ಸುತ್ತಿತು. 1949ರಲ್ಲಿ ಡೆಟ್ರಾಯ್ಟಿನ ವೈದ್ಯ ಜಾರ್ಜ್ ವಾಲ್ಡ್‌ಬಾಟ್, ಪೆನಿಸಿಲಿನ್ ಸೂಜಿಯಿಂದ ಅನಾಫಿಲ್ಯಾಕ್ಸಿಸ್, ಅಂದರೆ ಜೀವಕ್ಕೇ ಎರಗುವ ದಿಢೀರ್ ಅಲರ್ಜಿ, ಆಗಿ ರೋಗಿ ಸತ್ತ ಪ್ರಕರಣವನ್ನು ವರದಿ ಮಾಡಿದ. ಇತ್ತ ನಮ್ಮಲ್ಲಿ 1954ರಲ್ಲಿ ಪುಣೆಯ ಪಕ್ಕದ ಪಿಂಪ್ರಿಯಲ್ಲಿ ಹಿಂದೂಸ್ತಾನ್ ಆಂಟಿಬಯೋಟಿಕ್ಸ್ ಹುಟ್ಟಿತು, 1981ರಲ್ಲಿ ಬೆಂಗಳೂರಿನಲ್ಲಿ ಕರ್ನಾಟಕ ಆಂಟಿಬಯೋಟಿಕ್ಸ್. ಗದ್ದೆಯಲ್ಲಿ ಕಾಲು ಕೊಯ್ದುಕೊಂಡವನಿಗೂ ಕೆಮ್ಮು ಬಿಡದ ಮಗುವಿಗೂ ಇದೇ ಸೂಜಿ ಎನ್ನುವ ಕಾಲ ಬಂತು. ಔಷಧಿ ಹೋದಲ್ಲೆಲ್ಲ ಅದರ ಭಯವೂ ಹಿಂದೆಯೇ ಹೋಯಿತು.

ಇಲ್ಲೊಂದು ಒಗಟಿತ್ತು. ಪೆನಿಸಿಲಿನ್ ತೀರಾ ಸಣ್ಣ ಅಣು. ಅದರ ಅಣುತೂಕ ಸುಮಾರು 334, ನಮ್ಮ ರಕ್ತದ ಆಲ್ಬುಮಿನ್ ಪ್ರೋಟೀನಿನದು 66,000ದ ಮೇಲೆ. ಇಷ್ಟು ಸಣ್ಣದನ್ನು ದೇಹದ ಕಾವಲು ವ್ಯವಸ್ಥೆ ಗುರುತಿಸುವುದೇ ಇಲ್ಲ. ಸಣ್ಣ ರಾಸಾಯನಿಕಗಳು ದೊಡ್ಡ ಪ್ರೋಟೀನಿಗೆ ಅಂಟಿಕೊಂಡ ಮೇಲೆ ಮಾತ್ರ ಕಣ್ಣಿಗೆ ಬೀಳುತ್ತವೆ ಎಂದು, ರಕ್ತದ ಗುಂಪುಗಳನ್ನು ಕಂಡುಹಿಡಿದ ಕಾರ್ಲ್ ಲ್ಯಾಂಡ್‌ಸ್ಟೈನರ್ ಮೊದಲೇ ತೋರಿಸಿಕೊಟ್ಟಿದ್ದ. ಜಾತ್ರೆಯ ಜನಜಂಗುಳಿಯಲ್ಲಿ ಮಗು ಯಾರಿಗೂ ಕಾಣುವುದಿಲ್ಲ, ಅಪ್ಪನ ಹೆಗಲೇರಿದರೆ ಎಲ್ಲರಿಗೂ ಕಾಣುತ್ತದೆ. ಹಾಗಾದರೆ ಪೆನಿಸಿಲಿನ್ ಯಾರ ಹೆಗಲೇರುತ್ತದೆ, ಹೇಗೆ ಏರುತ್ತದೆ?

1960-61ರಲ್ಲಿ ಉತ್ತರ ಎರಡು ಕಡೆಯಿಂದ ಬಂತು. ಸೇಂಟ್ ಲೂಯಿಸ್‌ನಲ್ಲಿ ಹರ್ಮನ್ ಐಸನ್ ಜೊತೆ ದುಡಿಯುತ್ತಿದ್ದ ಸ್ವಿಸ್ ವೈದ್ಯ ಅಲೇನ್ ಡಿ ವೆಕ್ ಒಂದು ಕಡೆ, ನ್ಯೂಯಾರ್ಕಿನಲ್ಲಿ ಬರ್ನಾರ್ಡ್ ಲೆವಿನ್ ಇನ್ನೊಂದು ಕಡೆ. ಪೆನಿಸಿಲಿನ್ನಿನ ನಡುವೆ ನಾಲ್ಕು ಪರಮಾಣುಗಳ ಒಂದು ಬಿಗಿಯಾದ ಉಂಗುರವಿದೆ, ಬೀಟಾ-ಲ್ಯಾಕ್ಟಮ್. ಅದು ಸುಲಭವಾಗಿ ಬಿಚ್ಚಿಕೊಳ್ಳುತ್ತದೆ. ಬಿಚ್ಚಿಕೊಂಡು ಬ್ಯಾಕ್ಟೀರಿಯಾದ ಗೋಡೆ ಕಟ್ಟುವ ಕಿಣ್ವಕ್ಕೆ ಅಂಟಿದರೆ ಬ್ಯಾಕ್ಟೀರಿಯಾ ಸಾಯುತ್ತದೆ. ನಮ್ಮ ಪ್ರೋಟೀನಿನ ಲೈಸಿನ್‌ಗೆ ಅಂಟಿದರೆ ‘ಪೆನಿಸಿಲಾಯಿಲ್’ ಎಂಬ ಹೊಸ ರೂಪ ಹುಟ್ಟುತ್ತದೆ. ಅಲರ್ಜಿ ಇರುವವರ ದೇಹ ಸಿಟ್ಟಾಗುವುದು ಹೆಚ್ಚಾಗಿ ಈ ರೂಪದ ಮೇಲೆ. ನನಗೆ ಇಡೀ ಕತೆಯಲ್ಲಿ ಹೆಚ್ಚು ಹಿಡಿಸಿದ ಸಂಗತಿ ಇದು: ಪೆನಿಸಿಲಿನ್ ಯಾವ ಗುಣದಿಂದ ರೋಗ ಗುಣಮಾಡುತ್ತದೋ ಅದೇ ಗುಣದಿಂದ ಅಲರ್ಜಿಯನ್ನೂ ಹುಟ್ಟಿಸುತ್ತದೆ. ಒಂದನ್ನು ಕಿತ್ತುಹಾಕಿ ಇನ್ನೊಂದನ್ನು ಉಳಿಸಿಕೊಳ್ಳುವ ಹಾಗಿಲ್ಲ.

ಹೀಗೆ ಒಗಟಿನ ಒಂದು ಪಾಲು ಬಿಡಿಸಿದಂತಾಯಿತು. ರಕ್ತದೊಳಗಿನ ರೀಆಜಿನ್ ಯಾವುದೆಂಬ ಇನ್ನೊಂದು ಪಾಲು ಇನ್ನೂ ಕತ್ತಲಲ್ಲೇ ಇತ್ತು.

ಆ ಹೊತ್ತಿಗೆ ನಮ್ಮ ಸೊರಬ ತಾಲ್ಲೂಕಿಗೂ ರಕ್ತಪರೀಕ್ಷೆಯ ಚರಿತ್ರೆಯಲ್ಲಿ ಒಂದು ಜಾಗ ಸಿಕ್ಕಾಗಿತ್ತು ಎಂಬುದನ್ನು ಇಲ್ಲಿ ಹೇಳಲೇಬೇಕು. 1957ರಲ್ಲಿ ಕ್ಯಾಸನೂರಿನ ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಸುತ್ತಲಿನ ಹಳ್ಳಿಯ ಜನ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು, ಹಳದಿ ಜ್ವರವೇನೋ ಎಂಬ ಆತಂಕದಲ್ಲೇ, ರೋಗಿಗಳ ಮತ್ತು ಮಂಗಗಳ ರಕ್ತದಿಂದ ಅದುವರೆಗೆ ಯಾರೂ ಕಾಣದ ವೈರಸ್ಸನ್ನು ಬೇರ್ಪಡಿಸಿದರು. ಉಣ್ಣೆಯಿಂದ ಹರಡುವ ಆ ಕಾಯಿಲೆಗೆ ನಮ್ಮ ಕಾಡಿನ ಹೆಸರೇ ನಿಂತಿತು. ನಮಗದು ಮಂಗನ ಕಾಯಿಲೆ. ಒಂದು ಹೊಸ ವೈರಸ್ಸನ್ನೇ ರಕ್ತದಿಂದ ಎತ್ತಿ ತೋರಿಸಬಲ್ಲವರಾಗಿದ್ದ ಆ ಕಾಲದಲ್ಲಿ, ಅಲರ್ಜಿಗೆ ಕಾರಣವಾದ ವಸ್ತು ರಕ್ತದಲ್ಲಿ ಯಾವುದು ಎಂದು ಜಗತ್ತಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಸಿಗದಿರಲು ಕಾರಣ ಅದರ ಪ್ರಮಾಣ. ರಕ್ತದಲ್ಲಿ ಸಾಮಾನ್ಯವಾಗಿರುವ ಐಜಿಜಿ ಎಂಬ ಪ್ರತಿಕಾಯಕ್ಕೆ (ದೇಹದ ಕಾವಲಿನ ಪ್ರೋಟೀನಿಗೆ) ಹೋಲಿಸಿದರೆ ಈ ವಸ್ತು ಲಕ್ಷದಲ್ಲಿ ಒಂದು ಪಾಲು ಇದ್ದರೆ ಹೆಚ್ಚು. ಅದನ್ನು ಹುಡುಕಿ ಹಿಡಿದವರು ಕಿಮಿಶಿಗೆ ಇಶಿಜಾಕಾ ಮತ್ತು ಟೆರುಕೋ ಇಶಿಜಾಕಾ, ಜಪಾನಿನ ಗಂಡ ಹೆಂಡತಿ. ಅಮೆರಿಕದ ಡೆನ್ವರಿನಲ್ಲಿ ಮಕ್ಕಳ ಉಬ್ಬಸದ ಸಂಶೋಧನಾಲಯವೊಂದರಲ್ಲಿ ಕೆಲಸ. ಅವರು ಆರಿಸಿಕೊಂಡದ್ದು ರ್‍ಯಾಗ್‌ವೀಡ್ ಎಂಬ ಕಳೆಯ ಪರಾಗ ಆಗದವರ ಸೀರಮ್. ನಮ್ಮ ರಸ್ತೆಬದಿಯ ಕಾಂಗ್ರೆಸ್ ಗಿಡದ ನೆಂಟ ಅದು. ರೀಆಜಿನ್ ಹೆಚ್ಚಿದ್ದ ಪಾಲನ್ನು ಬೇರ್ಪಡಿಸಿ ಮೊಲಗಳಿಗೆ ಚುಚ್ಚಿದರು. ಮೊಲದ ರಕ್ತದಲ್ಲಿ ಅದರ ವಿರುದ್ಧ ಹುಟ್ಟಿದ ಪ್ರತಿಕಾಯದಿಂದ, ಆಗ ತಿಳಿದಿದ್ದ ಉಳಿದ ಪ್ರತಿಕಾಯಗಳಿಗೆ ಅಂಟುವುದನ್ನೆಲ್ಲ ಕಳೆದರು. ಉಳಿದದ್ದನ್ನು ರೋಗಿಯ ಸೀರಮ್ಮಿಗೆ ಬೆರೆಸಿದಾಗ ರೀಆಜಿನ್ನಿನ ಶಕ್ತಿ ಇಳಿದುಹೋಯಿತು. ಇಳಿಯಿತೋ ಇಲ್ಲವೋ ಎಂದು ತಿಳಿಯಲು ಪ್ರೌಸ್ನಿಟ್ಸನ ಹಳೆಯ ವಿಧಾನವಲ್ಲದೆ ಬೇರೆ ದಾರಿಯಿರಲಿಲ್ಲ. ತಮ್ಮದೇ ಚರ್ಮಕ್ಕೆ ಚುಚ್ಚಿಕೊಂಡು ನೋಡಿದರು. 1966ರಲ್ಲಿ, ಇದೊಂದು ಹೊಸ ಬಗೆಯ ಪ್ರತಿಕಾಯ ಎಂದು ಪ್ರಕಟಿಸಿ ‘ಗಾಮಾ-ಇ’ ಎಂದು ಹೆಸರಿಟ್ಟರು. ಚರ್ಮ ಕೆಂಪಾಗುವುದಕ್ಕೆ ವೈದ್ಯರು ಎರಿತೀಮಾ ಎನ್ನುತ್ತಾರೆ, ಆ ಪದದ ಮೊದಲಕ್ಷರವೇ ಈ ‘ಇ’.

ಅದೇ ಹೊತ್ತಿಗೆ ಸ್ವೀಡನ್ನಿನ ಉಪ್ಸಾಲಾದಲ್ಲಿ, ಅಲರ್ಜಿಯ ಗೊಡವೆಯೇ ಇಲ್ಲದ ಇನ್ನೊಂದು ದಾರಿಯಲ್ಲಿ ಗುನ್ನಾರ್ ಯೂಹಾನ್ಸನ್ ಮತ್ತು ಹಾನ್ಸ್ ಬೆನಿಕ್ ನಡೆಯುತ್ತಿದ್ದರು. ಮೈಲೋಮಾ ಎಂಬ ರಕ್ತದ ಕ್ಯಾನ್ಸರಿನಲ್ಲಿ ಒಂದೇ ಬಗೆಯ ಪ್ರತಿಕಾಯ ಬೇಕಾಬಿಟ್ಟಿ ಬೆಳೆಯುತ್ತದೆ. 1965ರಲ್ಲಿ ಅಂಥ ಒಬ್ಬ ರೋಗಿಯ ರಕ್ತದಲ್ಲಿ ಸಿಕ್ಕ ಪ್ರೋಟೀನು ಆವರೆಗೆ ಗೊತ್ತಿದ್ದ ಯಾವ ಗುಂಪಿಗೂ ಸೇರಲಿಲ್ಲ. ಅದನ್ನು ‘ಎನ್‌ಡಿ’ ಎಂದು ಕರೆದರು. ಇಶಿಜಾಕಾ ದಂಪತಿ ಚೂರುಪಾರು ಹೆಕ್ಕುತ್ತಿದ್ದ ವಸ್ತು ಇವರ ಕೈಯಲ್ಲಿ ಬೇಕಾದಷ್ಟಿತ್ತು. ಅದೇ ಇದು ಎಂದು ಮಾತ್ರ ಇವರಿಗೆ ಗೊತ್ತಿರಲಿಲ್ಲ. ಆರೋಗ್ಯವಂತರಲ್ಲಿ ಇದು ಅತಿ ಅಲ್ಪ, ಉಬ್ಬಸದವರಲ್ಲಿ ಹೆಚ್ಚು ಎಂದು ಅಳೆದ ಮೇಲೆ ಅನುಮಾನ ಹುಟ್ಟಿತು. 1967ರಲ್ಲಿ ಇಂಗ್ಲೆಂಡಿನ ಸ್ಟ್ಯಾನ್‌ವರ್ತ್ ಮತ್ತು ಹಂಫ್ರಿ ಜೊತೆ ಸೇರಿ ಮತ್ತೆ ಚರ್ಮದ ಪ್ರಯೋಗಕ್ಕೇ ಇಳಿದರು. ಎನ್‌ಡಿ ಪ್ರೋಟೀನನ್ನು ಧಾರಾಳವಾಗಿ ಬೆರೆಸಿ ಚುಚ್ಚಿದರೆ ದದ್ದು ಏಳಲೇ ಇಲ್ಲ. ರೀಆಜಿನ್ ಹೋಗಿ ಕೂರಬೇಕಾದ ಜಾಗಗಳನ್ನೆಲ್ಲ ಎನ್‌ಡಿ ಮೊದಲೇ ಹಿಡಿದುಬಿಟ್ಟಿತ್ತು. ಎರಡೂ ಒಂದೇ ಜಾತಿ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ಡೆನ್ವರಿನವರೂ ಉಪ್ಸಾಲಾದವರೂ ತಮ್ಮ ತಮ್ಮ ವಸ್ತುಗಳನ್ನು ಅದಲುಬದಲು ಮಾಡಿಕೊಂಡು ಪರೀಕ್ಷಿಸಿದರು. 1968ರ ಫೆಬ್ರವರಿಯಲ್ಲಿ ಲೋಸಾನ್‌ನಲ್ಲಿ ನಡೆದ ವಿಶ್ವ ಆರೋಗ್ಯ ಸಂಸ್ಥೆಯ ಸಭೆ ಅದಕ್ಕೆ ಐಜಿಇ ಎಂಬ ಹೆಸರನ್ನು ಖಾಯಂ ಮಾಡಿತು.

ಪರೀಕ್ಷೆ ಹುಟ್ಟಲು ಮಾತ್ರ ಹೆಸರಿಗಾಗಿ ಕಾಯಲಿಲ್ಲ. 1967ರ ಕೊನೆಗೇ ಲೀಫ್ ವೀಡೆ, ಬೆನಿಕ್ ಮತ್ತು ಯೂಹಾನ್ಸನ್ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅದರ ವಿವರ ಕೊಟ್ಟಿದ್ದರು. ಕೆಲಸದ ಬಗೆ ಹೀಗೆ. ಸೆಫಡೆಕ್ಸ್ ಎಂಬ ಸಣ್ಣ ಹರಳಿನಂಥ ಕಣಗಳಿಗೆ ಅಲರ್ಜಿ ಹುಟ್ಟಿಸುವ ವಸ್ತುವನ್ನು ಬಿಡಿಸಲಾಗದಂತೆ ಅಂಟಿಸುವುದು. ಅದರ ಮೇಲೆ ರೋಗಿಯ ಸೀರಮ್ ಹಾಕಿ ಬಿಡುವುದು. ಆ ವಸ್ತುವಿನ ಮೇಲೆ ಹಗೆಯಿರುವ ಐಜಿಇ ಇದ್ದರೆ ಬಂದು ಕಚ್ಚಿಕೊಳ್ಳುತ್ತದೆ, ಉಳಿದದ್ದು ತೊಳೆದಾಗ ಹೋಗುತ್ತದೆ. ಆಮೇಲೆ ಐಜಿಇಯನ್ನೇ ಹಿಡಿಯುವ, ವಿಕಿರಣಶೀಲ ಅಯೋಡಿನ್ ಕಟ್ಟಿದ ಪ್ರತಿಕಾಯವನ್ನು ಹಾಕಿ, ಮತ್ತೆ ತೊಳೆದು, ಟ್ಯೂಬನ್ನು ಎಣಿಕೆಯಂತ್ರದಲ್ಲಿಡುವುದು. ವಿಕಿರಣ ಹೆಚ್ಚಿದಷ್ಟೂ ಅಲರ್ಜಿಯ ಪ್ರತಿಕಾಯ ಹೆಚ್ಚು. ಇದಕ್ಕೆ ರಾಸ್ಟ್ ಎಂದು ಹೆಸರಾಯಿತು. ಇನ್ನೊಬ್ಬರ ಹೊಟ್ಟೆಯ ಚರ್ಮ ಮಾಡುತ್ತಿದ್ದ ಕೆಲಸವನ್ನು ಗಾಜಿನ ಟ್ಯೂಬು ವಹಿಸಿಕೊಂಡಿತು.

ಪರಾಗ, ದೂಳು, ಮೊಟ್ಟೆಗೆ ಇದು ಸಲೀಸು. ಪೆನಿಸಿಲಿನ್ ಆ ಕಣಗಳ ಮೇಲೆ ತಾನಾಗಿ ನಿಲ್ಲುವ ವಸ್ತುವಲ್ಲ. ಎರಡು ದಾರಿಗಳು ಕೂಡಿದ್ದು ಇಲ್ಲೇ. ಲೆವಿನ್ ಮತ್ತು ಡಿ ವೆಕ್ ತೋರಿಸಿದ್ದ ಪೆನಿಸಿಲಾಯಿಲ್ ರೂಪವನ್ನು ಪ್ರೋಟೀನಿಗೆ ಕಟ್ಟಿ, ಆ ಜೋಡಿಯನ್ನು ಕಣಗಳಿಗೆ ಅಂಟಿಸಿದರೆ? 1971ರಲ್ಲಿ ವೀಡೆ ಮತ್ತು ಉಪ್ಸಾಲಾದ ಚರ್ಮವೈದ್ಯ ಲೆನಾರ್ಟ್ ಯೂಲಿನ್ ಹಾಗೆಯೇ ಮಾಡಿ, ಪೆನಿಸಿಲಿನ್ ಕೊಟ್ಟ ತಕ್ಷಣ ರಿಯಾಕ್ಷನ್ ಆದವರ ರಕ್ತದಲ್ಲಿ ಆ ಐಜಿಇಯನ್ನು ಅಳೆದು ತೋರಿಸಿದರು. ಬ್ರೆಸ್ಲಾವ್‌ನ ಮೀನಿನಿಂದ ಇಲ್ಲಿಗೆ ಐವತ್ತು ವರ್ಷ. ಆಮೇಲಿನ ದಶಕಗಳಲ್ಲಿ ವಿಕಿರಣ ಹೋಗಿ ಬೆಳಕು ಚೆಲ್ಲುವ ರಾಸಾಯನಿಕ ಬಂತು, ಯಂತ್ರಗಳು ಬಂದವು, ಪೆನಿಸಿಲಿನ್ ಜಿ, ಪೆನಿಸಿಲಿನ್ ವಿ, ಆಂಪಿಸಿಲಿನ್, ಅಮಾಕ್ಸಿಸಿಲಿನ್, ಸೆಫಾಕ್ಲೋರ್‌ಗೆ ಬೇರೆ ಬೇರೆ ಪರೀಕ್ಷೆಗಳಾದವು. ಸೀರಮ್ ಬೇಗ ಕೆಡುವುದಿಲ್ಲವಾದ್ದರಿಂದ ನಮ್ಮೂರಿನಲ್ಲಿ ತೆಗೆದ ರಕ್ತ ದೊಡ್ಡ ಊರಿನ ಲ್ಯಾಬಿಗೆ ಹೋಗಿ ಬರಲು ಅಡ್ಡಿಯಿಲ್ಲ.

ಹಾಗಾದರೆ ಬಾಲ್‌ಪೆನ್ನಿನ ಗೀಟು ಇನ್ನೂ ಯಾಕೆ?

ಯಾಕೆಂದರೆ ರಿಪೋರ್ಟಿನ ‘ಇಲ್ಲ’ವನ್ನು ನಂಬಲಾಗದು. ನಿಜವಾಗಿ ಅಲರ್ಜಿ ಇರುವವರಲ್ಲಿ ಅರ್ಧದಷ್ಟು ಮಂದಿಯನ್ನೂ ಈ ಪರೀಕ್ಷೆ ಹಿಡಿಯಲಿಲ್ಲ ಎಂದು ಎಷ್ಟೋ ಅಧ್ಯಯನಗಳು ಕಂಡಿವೆ. ರಿಯಾಕ್ಷನ್ ಆಗಿ ತಿಂಗಳು, ವರ್ಷ ಕಳೆದಂತೆ ರಕ್ತದ ಐಜಿಇ ಇಳಿಯುತ್ತ ಹೋಗುತ್ತದೆ. ಇನ್ನು ಕೆಲವರ ದೇಹಕ್ಕೆ ಪೆನಿಸಿಲಾಯಿಲ್ ಮೇಲೆ ಸಿಟ್ಟೇ ಇಲ್ಲ, ಸಿಟ್ಟೆಲ್ಲ ಅಣುವಿನ ಪಕ್ಕದ ಕೊಂಬೆಯ ಮೇಲೆ. ಪೆನಿಸಿಲಿನ್ ತಡೆದುಕೊಂಡು ಅಮಾಕ್ಸಿಸಿಲಿನ್‌ಗೆ ಮಾತ್ರ ಬೀಳುವ ಇಂಥ ರೋಗಿಗಳನ್ನು ಸ್ಪೇನಿನ ಮಾಲಗಾದಲ್ಲಿ ಮಿಗೆಲ್ ಬ್ಲಾಂಕಾ ಮತ್ತು ಸಂಗಡಿಗರು ಸವಿವರವಾಗಿ ದಾಖಲಿಸಿದ್ದಾರೆ. ಎಷ್ಟೋ ಆಂಟಿಬಯೋಟಿಕ್‌ಗಳಿಗೆ, ಉದಾಹರಣೆಗೆ ಸಲ್ಫಾ ಮಾತ್ರೆಗೆ, ನೆಚ್ಚಬಹುದಾದ ಐಜಿಇ ಪರೀಕ್ಷೆಯೇ ಇಲ್ಲ. ಮೂರನೇ ದಿನವೋ ವಾರದ ಮೇಲೋ ಏಳುವ ದದ್ದಿಗೂ ಐಜಿಇಗೂ ಸಂಬಂಧವೇ ಇಲ್ಲ. ‘ಇದೆ’ ಎಂದು ಬಂದ ರಿಪೋರ್ಟು ರೋಗಿಯ ಕತೆಗೆ ತಾಳೆಯಾದರೆ ತೂಕವುಳ್ಳದ್ದು. ಏನೂ ಆಗದವರಿಗೆ ಸುಮ್ಮನೆ ಮಾಡಿಸಿದರೆ ಆ ‘ಇದೆ’ಯೂ ದಾರಿ ತಪ್ಪಿಸಬಹುದು.

ಟೆಸ್ಟ್ ಡೋಸು ಇದಕ್ಕಿಂತ ಮೇಲು ಎಂದು ನಾನು ಹೇಳುತ್ತಿಲ್ಲ. ಹಿಂದೆ ಏನೂ ಆಗಿರದವರಿಗೆಲ್ಲ ಕಂಡಕಂಡ ಔಷಧಿಯ ಹನಿಯನ್ನು ಚರ್ಮದಡಿ ಬಿಟ್ಟು ನೋಡುವ ನಮ್ಮ ರೂಢಿಗೆ ಗಟ್ಟಿ ಆಧಾರವಿಲ್ಲ. ಔಷಧಿಯ ಉರಿಗೇ ಚರ್ಮ ಕೆಂಪಾಗಬಹುದು, ಕೆಂಪಾಗದವನಿಗೂ ಆಮೇಲೆ ರಿಯಾಕ್ಷನ್ ಆಗಬಹುದು. ಸಂಧಿಜ್ವರದಿಂದ ಹೃದಯ ಕೆಟ್ಟ ಮಕ್ಕಳಿಗೆ ಇಪ್ಪತ್ತೊಂದು ದಿನಕ್ಕೊಮ್ಮೆ ಪೆನಿಡ್ಯೂರ್ ಎಂಬ ಪೆನಿಸಿಲಿನ್ ಸೂಜಿ ಬೇಕು. ಭಯಕ್ಕೆ ಅದನ್ನು ತಪ್ಪಿಸಿದರೆ ಹೃದಯದ ಕವಾಟ ಮತ್ತಷ್ಟು ಕೆಡುತ್ತದೆ. ಟೆಸ್ಟ್ ಡೋಸ್ ಕೊಟ್ಟರೂ ಬಿಟ್ಟರೂ ಸೂಜಿ ಹಾಕುವ ಕಡೆ ಅಡ್ರಿನಲಿನ್ ಕೈಗೆಟಕುವಂತಿರಬೇಕು. ಜೀವ ಉಳಿಸುವುದು ಅದು.

ರಕ್ತದಲ್ಲೇ ಇನ್ನೂ ಎರಡು ದಾರಿಗಳಿವೆ. ಬೇಸೋಫಿಲ್ ಎಂಬ ಬಿಳಿಕಣಗಳಿಗೆ ಔಷಧಿಯನ್ನು ತಾಗಿಸಿ, ಅವು ಕೆರಳಿ ಸಿಡಿ-63 ಎಂಬ ಗುರುತನ್ನು ಮೈಮೇಲೆ ತಂದುಕೊಳ್ಳುತ್ತವೆಯೇ ಎಂದು ನೋಡುವುದು ಒಂದು. 1991ರಿಂದೀಚೆಗೆ ಬೆಳೆದ ವಿಧಾನ, ಸೊಗಸಾದದ್ದು. ಆದರೆ ಕಣಗಳು ಜೀವಂತ ಇರಬೇಕು, ತೆಗೆದ ದಿನವೇ ಪರೀಕ್ಷೆಯಾದರೆ ಒಳ್ಳೆಯದು. ಆನವಟ್ಟಿಯಿಂದ ಸಂಜೆ ಬಸ್ಸಿಗೆ ಹಾಕಿದ ರಕ್ತಕ್ಕೆ ಅದು ಕಷ್ಟ. ಇನ್ನೊಂದು ಟ್ರಿಪ್ಟೇಸ್. ಅನಾಫಿಲ್ಯಾಕ್ಸಿಸ್ ಆದಾಗ ಮಾಸ್ಟ್ ಕಣಗಳು ರಕ್ತಕ್ಕೆ ಸುರಿಯುವ ಈ ಕಿಣ್ವವನ್ನು ಅಳೆಯಬಹುದು ಎಂದು ಅಮೆರಿಕದ ಲಾರೆನ್ಸ್ ಶ್ವಾರ್ಟ್ಸ್ ಮತ್ತು ಜೊತೆಯವರು 1987ರಲ್ಲಿ ತೋರಿಸಿದರು. ಯಾವ ಔಷಧಿಯಿಂದ ಆಯಿತು ಎಂದು ಅದು ಹೇಳದು, ಆದದ್ದು ಅನಾಫಿಲ್ಯಾಕ್ಸಿಸ್ ಹೌದೇ ಎಂದು ಹೇಳುತ್ತದೆ. ಚಿಕಿತ್ಸೆ ಕೊಟ್ಟ ಮೇಲೆ, ಒಂದೆರಡು ಗಂಟೆಯೊಳಗೆ, ತಡವಾದರೆ ನಾಲ್ಕು ಗಂಟೆಯೊಳಗೆ ರಕ್ತ ತೆಗೆಯಬೇಕು. ಪೂರ್ತಿ ಗುಣವಾಗಿ ಒಂದು ದಿನ ಕಳೆದ ಮೇಲೆ ಇನ್ನೊಮ್ಮೆ ತೆಗೆದು ಹೋಲಿಸಬೇಕು.

ಪೆನಿಸಿಲಿನ್ ಆಗಲ್ಲ ಎಂದು ಬರೆಸಿಕೊಂಡವರು ಅಮೆರಿಕದಲ್ಲಿ ನೂರಕ್ಕೆ ಸುಮಾರು ಹತ್ತು ಮಂದಿ. ಸರಿಯಾಗಿ ಪರೀಕ್ಷಿಸಿ ನೋಡಿದರೆ ಅವರಲ್ಲಿ ಹತ್ತಕ್ಕೆ ಒಂಬತ್ತು ಮಂದಿಗೆ ಅದು ಆಗುತ್ತದೆ. ಅಲರ್ಜಿ ಮೊದಲಿನಿಂದಲೂ ಇರಲಿಲ್ಲ, ಇಲ್ಲವೇ ಇದ್ದದ್ದು ಹೋಗಿದೆ. ನಿಜವಾದ ಅಲರ್ಜಿ ಇದ್ದವರಲ್ಲೂ ಹೆಚ್ಚಿನವರಿಗೆ ಹತ್ತು ವರ್ಷದಲ್ಲಿ ಅದು ಆರಿಹೋಗುತ್ತದೆ. ನಮ್ಮ ಅಜ್ಜಿಯಂಥವರ ಸಂಗತಿಯನ್ನು ತೀರ್ಮಾನಿಸುವುದು ಟ್ಯೂಬಿನ ರಕ್ತವಲ್ಲ. ಮೊದಲು ಅವರ ಕತೆಯನ್ನು ಕೂತು ಕೇಳಬೇಕು, ಆಮೇಲೆ ಚರ್ಮದ ಪರೀಕ್ಷೆ, ಕಡೆಗೆ ಸೌಕರ್ಯವಿರುವ ಆಸ್ಪತ್ರೆಯಲ್ಲಿ, ವೈದ್ಯರ ಕಣ್ಣೆದುರು ಅದೇ ಔಷಧಿಯನ್ನು ಅಷ್ಟಷ್ಟೇ ಕೊಟ್ಟು ನೋಡುವುದು. ಮನೆಯಲ್ಲಿ ಮಾತ್ರೆ ನುಂಗಿ ಪರೀಕ್ಷೆ ಮಾಡಿಕೊಳ್ಳುವ ಧೈರ್ಯ ಯಾರೂ ಮಾಡಬಾರದು.

ಇನ್ನು ಮುಂದೆ ಮನೆಯಲ್ಲಿ ಯಾರಿಗಾದರೂ ಔಷಧಿಯಿಂದ ಹೆಚ್ಚುಕಡಿಮೆಯಾದರೆ, ‘ಇಂಜೆಕ್ಷನ್ ಆಗಲ್ಲ’ ಎಂದಷ್ಟೇ ನೆನಪಿಟ್ಟುಕೊಳ್ಳಬೇಡಿ. ಔಷಧಿಯ ಹೆಸರು, ತೆಗೆದುಕೊಂಡ ಎಷ್ಟು ಹೊತ್ತಿಗೆ ಶುರುವಾಯಿತು, ಗಂಧೆಯೋ ಉಸಿರು ಕಟ್ಟಿದ್ದೋ ಬರೀ ವಾಂತಿಯೋ, ತಾರೀಖು, ಇಷ್ಟನ್ನು ಡಾಕ್ಟರ ಕೈಯಿಂದಲೇ ಚೀಟಿಯ ಮೇಲೆ ಬರೆಸಿಕೊಳ್ಳಿ. ಮಾತ್ರೆಯ ಖಾಲಿ ಹಾಳೆಯನ್ನೂ ಅದರ ಜೊತೆಗೇ ಇಟ್ಟುಕೊಳ್ಳಿ.